ಅತ್ತೆ ಕೇಳಿದ ಗುಂಡಿ

ಕೂತಲ್ಲಿ ನನ್ನ ಕಾಲು ಸುಮ್ಮನಿರುವುದಿಲ್ಲ. ಬಲಗಾಲು ಒತ್ತಿದರೆ ಎಡಗಾಲು ಏಳುತ್ತದೆ, ಎಡಗಾಲು ಒತ್ತಿದರೆ ಬಲಗಾಲು ಏಳುತ್ತದೆ. ಮೊನ್ನೆ ನಮ್ಮ ಶಾಲೆಯಲ್ಲಿ ಮೀಟಿಂಗ್ ನಡೆಯುತ್ತಿದ್ದಾಗ ಹೆಡ್‌ಮಾಸ್ಟರ ಕಾಫಿ ಲೋಟ ಮೇಜಿನ ಮೇಲೆ ತಾನಾಗಿಯೇ ನಡೆದುಕೊಂಡು ಹೋಗಿ ಅಂಚಿಗೆ ಬಂದು ನಿಂತಿತು. ಅವರು ಗಾಬರಿಯಿಂದ ಫ್ಯಾನ್ ನೋಡಿದರು, ಗೋಡೆ ನೋಡಿದರು. ಪಕ್ಕದಲ್ಲಿ ಕೂತಿದ್ದ ಟೀಚರ್ ನನ್ನ ತೊಡೆ ಚಿವುಟಿ, "ನಿಮ್ಮ ಮಗ್ಗ ನಿಲ್ಸಿ ಮೇಡಂ" ಎಂದು ಪಿಸುಗುಟ್ಟಿದಳು. ಮನೆಯಲ್ಲಂತೂ ನಾನು ಮಂಚದ ಮೇಲೆ ಕೂತರೆ ನನ್ನ ಯಜಮಾನರು ಪೇಪರ್ ಎತ್ತಿಕೊಂಡು ಕುರ್ಚಿಗೆ ಹೋಗುತ್ತಾರೆ. ಅಕ್ಷರ ಕುಣಿಯುತ್ತದಂತೆ.

ಹಾಗೆಂದು ನಾನು ದೊಡ್ಡ ನೇಕಾರ್ತಿ ಎಂದುಕೊಳ್ಳಬೇಡಿ. ನೇಯುವವರ ಮನೆಯಲ್ಲಿ ಹುಟ್ಟಿಯೂ ಬರೀ ಕಾಲಿಗೆ ವಿದ್ಯೆ ಹತ್ತಿಸಿಕೊಂಡವಳು ನಾನೊಬ್ಬಳೇ ಇರಬೇಕು. ಕೈ ಕೊನೆಗೂ ಕಲಿಯಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ರಜೆಯಲ್ಲಿ ಹಟ ಹಿಡಿದು ಒಂದು ಟವೆಲ್ ನೇಯ್ದೆ. ಅದರ ಅಂಚು ನಮ್ಮೂರ ಹೊಳೆಯ ದಡದ ಹಾಗೆ ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ ಹರಿಯಿತು. ತಾತ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಬಯ್ಯಲಿಲ್ಲ. ಮಡಿಸಿ ಅಜ್ಜಿಯ ಕೈಗೆ ಕೊಟ್ಟು, "ಒಲೆ ಮ್ಯಾಲಿಂದ ಪಾತ್ರೆ ಇಳ್ಸಕ್ಕಾಯ್ತದೆ, ಮಡಿಕ್ಕೋ" ಎಂದರು. ಅವತ್ತೇ ನಾನು ಟೀಚರ್ ಆಗುವುದೆಂದು ಮನೆಯಲ್ಲಿ ತೀರ್ಮಾನವಾಗಿಹೋಯಿತು.

ನಮ್ಮದು ನರಸೀಪುರ. ಎರಡು ಹೊಳೆ ಕೂಡುವ ಜಾಗಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಬೀದಿ. ಬೀದಿಯಲ್ಲಿ ನಡೆದರೆ ಎಡಕ್ಕೂ ಬಲಕ್ಕೂ ಮನೆಮನೆಯೊಳಗಿಂದ ಟಕಟಕ ಸದ್ದು ಬರುತ್ತಿತ್ತು. ತೊಂಬತ್ತರ ದಶಕ ಅರ್ಧ ಮುಗಿಯುವ ಹೊತ್ತಿಗೆ ಅದು ಎಡಕ್ಕೆ ಒಂದೆರಡು ಮನೆ, ಬಲಕ್ಕೆ ನಮ್ಮ ಮನೆ ಎನ್ನುವಷ್ಟಕ್ಕೆ ಬಂದಿತ್ತು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದರು. ಮಿಲ್ಲಿನ ಬಟ್ಟೆಯ ಆ ಅಂಗಿಯನ್ನು ತಾತ ದಿನಾ ಬೆಳಿಗ್ಗೆ ಎರಡು ಬೆರಳಲ್ಲಿ ಉಜ್ಜಿ ನೋಡಿ ಮುಖ ತಿರುಗಿಸುತ್ತಿದ್ದರು. ಹಾಗಾಗಿ ಮಗ್ಗ ಅಪ್ಪನನ್ನು ಹಾರಿ ಅವರ ತಂಗಿಗೆ, ಅಂದರೆ ನಮ್ಮ ಜಯತ್ತೆಗೆ ಬಂತು.

ನಮ್ಮ ಮಗ್ಗ ಗುಂಡಿ ಮಗ್ಗ. ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಪಡಸಾಲೆಯ ನೆಲದಲ್ಲೇ ಒಂದು ಗುಂಡಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಡಬೇಕು. ತಳದಲ್ಲಿ ಎರಡು ಹಲಗೆ. ಒಂದನ್ನು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಲ್ಲಿ ಅರ್ಧ ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ, ನಡುವಿನ ಸಂದಿಯಲ್ಲಿ ಅಡ್ಡ ನೂಲು ಹೊತ್ತ ಲಾಳಿ ಓಡುತ್ತದೆ. ಇನ್ನೊಂದನ್ನು ತುಳಿದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನೆಲದ ಮೇಲೆ ನಿಲ್ಲುವ ಮಗ್ಗಗಳೂ ಇವೆ. ಆದರೆ ತಾತನ ಮುಂದೆ ಅವುಗಳ ಹೆಸರೆತ್ತುವಂತಿರಲಿಲ್ಲ. ಹತ್ತಿ ನೂಲು ಒಣಗಿದರೆ ಕಡಿಯುತ್ತದೆ, ಗುಂಡಿಯ ಮಣ್ಣಿನ ತಂಪು ಮೇಲಕ್ಕೆ ಆಡುತ್ತಿದ್ದರೆ ಅದು ಹೇಳಿದ ಹಾಗೆ ಕೇಳುತ್ತದೆ ಎನ್ನುವುದು ಅವರ ವಾದ.

ನೂಲಿಗೆ ಮಾತ್ರವಲ್ಲ, ಆ ತಂಪು ಮನೆಮಂದಿಗೆಲ್ಲ ಬೇಕಾಗಿತ್ತು. ಬೇಸಿಗೆಯಲ್ಲಿ ಮಗ್ಗಕ್ಕೆ ರಜಾ ಇದ್ದ ದಿನ ಅಜ್ಜಿ ಮಜ್ಜಿಗೆ ಗಡಿಗೆಯನ್ನು ಗುಂಡಿಯೊಳಗೆ ಇಳಿಸುತ್ತಿದ್ದಳು. ನಮ್ಮ ಬೆಕ್ಕು ಪ್ರತಿ ಸಲವೂ ಮರಿ ಹಾಕುತ್ತಿದ್ದದ್ದು ಅಲ್ಲೇ. ಮನೆಯಲ್ಲಿ ಏನು ಕಳೆದರೂ ಮೊದಲು ಗುಂಡಿಗೆ ಇಳಿದು ನೋಡುವುದು. ನನ್ನ ಲೋಲಾಕು, ಅಪ್ಪನ ಪೆನ್ನಿನ ಟೋಪಿ, ಅಜ್ಜಿ ಬೈದುಕೊಂಡು ಹುಡುಕುತ್ತಿದ್ದ ಅಡಿಕೆಕತ್ತರಿ ಎಲ್ಲ ಅಲ್ಲಿ ಸಿಗುತ್ತಿದ್ದವು. ಜಯತ್ತೆ ಕಾಲಿನ ಬೆರಳಲ್ಲೇ ಅವನ್ನು ಎತ್ತಿ ಮೇಲಕ್ಕೆ ಕೊಡುತ್ತಿದ್ದಳು, ನೇಯುವುದನ್ನು ನಿಲ್ಲಿಸುತ್ತಲೂ ಇರಲಿಲ್ಲ.

ಆ ಗುಂಡಿಯನ್ನು ತೋಡಿದ್ದು ನಮ್ಮ ಮುತ್ತಜ್ಜ. ಗುಂಡಿಯನ್ನು ತೋಡುವುದು ನೇಯುವವನ ಕಾಲಿನ ಅಳತೆಗೆ. ಮುತ್ತಜ್ಜ ಆಜಾನುಬಾಹುವಂತೆ. ಅವನದೊಂದು ಫೋಟೋ ಇಲ್ಲ, ಮುಖ ಹೇಗಿತ್ತೆಂದು ಹೇಳುವವರಿಲ್ಲ. ಆದರೆ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಎಷ್ಟು ಉದ್ದವಿದ್ದ ಎನ್ನುವುದು ಮಾತ್ರ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನ ನಂತರದವರೆಲ್ಲ ಕುಳ್ಳರು. ತಾತ ಆ ಗುಂಡಿಯಲ್ಲಿ ಕಾಲು ಎಟುಕದೆ ಹಲಗೆಯ ಕೆಳಗೆ ಮರದ ತುಂಡು ಕೊಟ್ಟುಕೊಂಡು ಜೀವಮಾನ ಕಳೆದರು. ಜಯತ್ತೆ ಇನ್ನೂ ಗಿಡ್ಡ. ಅವಳು ಇಟ್ಟಿಗೆ ಪೇರಿಸಿಕೊಂಡಳು. ಇಟ್ಟಿಗೆ ಜಾರುತ್ತಿತ್ತು, ಅವಳು ಬೈದುಕೊಂಡು ಇಳಿದು ಮತ್ತೆ ಜೋಡಿಸುತ್ತಿದ್ದಳು. ಒಂದಿಷ್ಟು ಮಣ್ಣು ತುಂಬಿದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಮುತ್ತಜ್ಜನ ಗುಂಡಿಗೆ ಮಣ್ಣು ತುಂಬುವುದೇ! ಆ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ತಲೆಗೂ ಹೊಳೆಯಲಿಲ್ಲ. ಬೇರೆಯವರ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೊಲ ಬರುತ್ತದೆ, ನಮ್ಮ ಮನೆಯಲ್ಲಿ ಬಂದದ್ದು ಒಬ್ಬರ ಕಾಲಿನ ಉದ್ದ.

ಜಯತ್ತೆ ನನಗಿಂತ ಕೆಲವೇ ವರ್ಷ ದೊಡ್ಡವಳು. ನನ್ನ ಪಾಲಿಗೆ ಅತ್ತೆಗಿಂತ ಅಕ್ಕನೇ ಹೆಚ್ಚು. ಮಗ್ಗದಲ್ಲಿ ಕೂತರೆ ಅವಳ ಬಾಯಿಗೆ ಬೀಗವಿರಲಿಲ್ಲ. ನೂಲಿನ ಜೊತೆ ಮಾತು, ಲಾಳಿಯ ಜೊತೆ ಜಗಳ. ಎಳೆ ಕಡಿದರೆ, "ಎಲ್ಲಿಗ್ ಓಡೋಗಿಯೇ ಕಳ್ಳಿ, ಬಾ ಇಲ್ಲಿ" ಎಂದು ಹುಡುಕಿ ಹಿಡಿದು ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದಳು. ಮಗ್ಗ ಬಿಟ್ಟು ಎದ್ದರೆ ಮುಗಿಯಿತು, ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಬಂದ ನೆಂಟರೆಲ್ಲ ಪಾಪ, ಎಷ್ಟು ಒಳ್ಳೆಯ ಹುಡುಗಿ, ಮಾತೇ ಇಲ್ಲ ಎಂದು ಹೊಗಳಿ ಹೋಗುತ್ತಿದ್ದರು.

ಇಂಥ ಜಯತ್ತೆಯನ್ನು ನೋಡಲು ನಂಜನಗೂಡಿನಿಂದ ಗಂಡಿನವರು ಬಂದರು. ಹುಡುಗ ಮಹದೇವ, ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ತಂದೆ ಇಲ್ಲ. ಜೊತೆಗೆ ಬಂದವರು ತಾಯಿ ನಂಜಮ್ಮ. ನಮ್ಮವರೇ, ಆದರೆ ಆ ಮನೆಯಲ್ಲಿ ಮಗ್ಗ ಬಿಟ್ಟು ಬಹಳ ಕಾಲವಾಗಿತ್ತು. ತಾತ ಹುಡುಗನನ್ನು ಬರಮಾಡಿಕೊಳ್ಳುವ ನೆಪದಲ್ಲಿ ಅವನ ತೋಳು ಹಿಡಿದು ಷರಟಿನ ಬಟ್ಟೆ ಉಜ್ಜಿ ನೋಡಿ ಮುಖ ಸಣ್ಣಗೆ ಮಾಡಿಕೊಂಡರು. ಉಪ್ಪಿಟ್ಟು, ಕಾಫಿ ಎಲ್ಲ ಆಯಿತು. ನಂಜಮ್ಮನವರು ದೊಡ್ಡ ಮನಸ್ಸಿನಿಂದ, "ನಿಂಗೇನಾರ ಕೇಳಾದಿದ್ರೆ ಕೇಳವ್ವ, ನಾಚ್ಕೋಬ್ಯಾಡ" ಎಂದರು. ಸಂಪ್ರದಾಯಕ್ಕೆ ಅಂದ ಮಾತು. ಯಾವ ಹುಡುಗಿಯೂ ಇದಕ್ಕೆ ಉತ್ತರ ಕೊಡುವುದಿಲ್ಲ.

ಜಯತ್ತೆ ತಲೆ ಬಗ್ಗಿಸಿಕೊಂಡೇ ಹೇಳಿದಳು. "ನಂಗೆ ಮನೆಯೊಳ್ಗೆ ಒಂದು ಗುಂಡಿ ತೋಡ್ಕೊಡ್ಬೇಕು."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೇರೆ ಹೆಣ್ಣುಮಕ್ಕಳು ಬಳೆ ಕೇಳುತ್ತಾರೆ, ಸರ ಕೇಳುತ್ತಾರೆ, ಬೇರೆ ಮನೆ ಕೇಳುವ ಗಟ್ಟಿಗಿತ್ತಿಯರೂ ಇದ್ದಾರೆ. ಗುಂಡಿ ಕೇಳಿದವಳನ್ನು ನಂಜಮ್ಮನವರು ಮೊದಲ ಸಲ ನೋಡುತ್ತಿದ್ದರು. ಮಹದೇವ ಮಾವ ಮಾತ್ರ, "ಅದಕ್ಕೇನಂತೆ, ತೋಡ್ಸಣ" ಎಂದುಬಿಟ್ಟರು. ಅವರಿಗೆ ಏನು ಗುಂಡಿ, ಎಲ್ಲಿ ಗುಂಡಿ ಎಂಬುದು ತಲೆಗೆ ಹೋಗಿರಲಿಲ್ಲ. ಅವರು ಜಯತ್ತೆಯ ಮುಖ ನೋಡುತ್ತಿದ್ದರು, ಆ ಹೊತ್ತಿನಲ್ಲಿ ಬಾವಿ ಕೇಳಿದ್ದರೂ ಒಪ್ಪುತ್ತಿದ್ದರು.

"ಮನೆಯೊಳಗಾ?" ಎಂದರು ನಂಜಮ್ಮ. ತಾತ ಮಗ್ಗ ತೋರಿಸಿ ವಿವರಿಸಿದರು. ನಂಜಮ್ಮ ಗುಂಡಿಯೊಳಗೆ ಬಗ್ಗಿ ನೋಡಿ, ಅಲ್ಲಿ ಮಲಗಿದ್ದ ಬೆಕ್ಕನ್ನೂ ನೋಡಿ, "ನೋಡಣ, ಮೊದ್ಲು ಮದ್ವೆ ಆಗ್ಲಿ" ಎಂದರು. ನಮ್ಮ ಸೀಮೆಯಲ್ಲಿ ನೋಡೋಣ ಎಂದರೆ ಏನರ್ಥ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಜಯತ್ತೆಗೆ ಅದು ಗೊತ್ತಿರಲಿಲ್ಲ. ಅವಳು ಹೌದು ಎಂದುಕೊಂಡೇ ತಾಳಿ ಕಟ್ಟಿಸಿಕೊಂಡಳು.

ಮದುವೆಯಾದ ಮುಂದಿನ ತಿಂಗಳೇ ನನ್ನ ಟೀಚರ್ ಟ್ರೈನಿಂಗ್ ಸೀಟು ನಂಜನಗೂಡಿನಲ್ಲಿ ಸಿಕ್ಕಿತು. ಹಾಸ್ಟೆಲ್ ಯಾಕೆ, ಅತ್ತೆ ಮನೆ ಇಲ್ಲವೇ ಎಂದು ನನ್ನ ಟ್ರಂಕು ಅಲ್ಲಿಗೇ ಹೋಯಿತು. ಮೊದಲ ದಿನ ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಟ್ರಂಕಿನ ಸಮೇತ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಜಾರಿಕೊಂಡು ಹೋದೆ. "ನಿಧಾನ ಕಣವ್ವ, ನೆಲ ನುಣುಪು" ಎಂದು ನಂಜಮ್ಮಜ್ಜಿ ಒಳಗಿನಿಂದ ಕೂಗಿದರು. ಆ ಕೂಗಿನಲ್ಲಿ ಗಾಬರಿಗಿಂತ ಹೆಮ್ಮೆಯೇ ಜಾಸ್ತಿ ಇತ್ತು.

ಅದು ಕೆಂಪು ಗಾರೆ ನೆಲ. ಅಂಥ ನೆಲವನ್ನು ನಾನು ಮತ್ತೆಲ್ಲೂ ನೋಡಿಲ್ಲ. ನಂಜಮ್ಮಜ್ಜಿ ಪ್ರತಿ ಶುಕ್ರವಾರ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಅದನ್ನು ಮೊಣಕಾಲೂರಿ ಉಜ್ಜುತ್ತಿದ್ದರು. ಬಗ್ಗಿದರೆ ಮೂಗುತಿ ಕಾಣಬೇಕು, ಅಲ್ಲಿಯವರೆಗೆ ಬಿಡುತ್ತಿರಲಿಲ್ಲ. ನೆಂಟರು ಬಂದರೆ ಅರ್ಧ ಜನ ಜಾರುತ್ತಿದ್ದರು, ಉಳಿದರ್ಧ ಗೋಡೆ ಹಿಡಿದು ಬರುತ್ತಿದ್ದರು. ಈ ನೆಲದಲ್ಲಿ ಗುಂಡಿ! ನನಗೆ ಆ ಕ್ಷಣವೇ ಜಯತ್ತೆಯ ಮೇಲೆ ಕನಿಕರ ಬಂತು.

ಜಯತ್ತೆ ಗುಂಡಿಯ ಮಾತೆತ್ತಿದಾಗೆಲ್ಲ ಅಜ್ಜಿಯ ಬಳಿ ಒಂದೊಂದು ಕಾರಣ ಸಿದ್ಧವಿತ್ತು. ಮನೆಯೊಳಗೆ ಗುಂಡಿ ತೋಡುವುದು ಒಳ್ಳೆಯದಲ್ಲ, ಯಾರನ್ನು ಹೂಳಕ್ಕೆ ಅಂತ ಕೇಳ್ತಾರೆ. ಮಕ್ಕಳಾದರೆ ಬೀಳುತ್ತವೆ. ಅದು ಸಾಲದೆಂದು ಎದುರುಮನೆಯಾಕೆ ಬೇರೆ, "ಮಳೆಗಾಲ್ದಲ್ಲಿ ಕಪಿಲಮ್ಮ ನೆಟ್ಗೆ ನಿಮ್ ಪಡಸಾಲೆಗೇ ಬತ್ತಾಳೆ ನೋಡಿ" ಎಂದು ಸೇರಿಸಿದರು. ಹೊಳೆಗೂ ಆ ಬೀದಿಗೂ ಅರ್ಧ ಊರು ಅಡ್ಡವಿತ್ತು. ಮಾವ ಪಾಪ, ನೆಲದ ಮೇಲೆ ನಿಲ್ಲುವ ಮಗ್ಗ ತರೋಣ ಎಂದು ನರಸೀಪುರಕ್ಕೆ ಹೋಗಿ ತಾತನನ್ನು ಕೇಳಿ, ಊಟವನ್ನೂ ಸರಿಯಾಗಿ ಮಾಡದೆ ವಾಪಸು ಬಂದರು.

ಜಯತ್ತೆ ಜಗಳವಾಡಲಿಲ್ಲ. ಹೇಳಿದೆನಲ್ಲ, ಮಗ್ಗ ಬಿಟ್ಟರೆ ಅವಳಿಗೆ ಮಾತಿಲ್ಲ. ಹೂಂ ಎನ್ನುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು. ಆದರೆ ಕಾಲು ಕೇಳಬೇಕಲ್ಲ? ಮೊರ ಹಿಡಿದು ಕೂತರೆ ಎರಡೂ ಪಾದ ಒಂದಾದ ಮೇಲೊಂದು ಒತ್ತುತ್ತಿದ್ದವು, ಅಕ್ಕಿ ಮೊರದಲ್ಲಿ ನೆಗೆಯುತ್ತಿತ್ತು. ಅಜ್ಜಿ ಮೊದಲು ಸುಮ್ಮನೆ ನೋಡಿದರು. ಆಮೇಲೆ ಹರಳೆಣ್ಣೆ ಹಚ್ಚಿ ತಿಕ್ಕಿದರು. ಕೊನೆಗೆ ಸೊಸೆಗೆ ನರದ ಕಾಯಿಲೆ ಎಂದು ನಿಶ್ಚಯ ಮಾಡಿಕೊಂಡು, ಕಳಲೆ ಕಡೆಯ ಹಳ್ಳಿಯೊಂದರಲ್ಲಿ ತಾಯತ ಕಟ್ಟುವವರಿದ್ದಾರೆಂದು ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ತಾಯತದವನು ಕಣ್ಣು ಮುಚ್ಚಿ, "ಗಾಳಿ ಸೋಕ್ಯದೆ" ಎಂದ. ಜಯತ್ತೆ ನನ್ನ ಕಡೆ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮುತ್ತಾ ಹೊರಗೆ ಓಡಿದೆ. ಬಸ್ಸಿನಲ್ಲಿ ಬರುವಾಗ ಕಪ್ಪು ದಾರ ಕಟ್ಟಿದ ಕಾಲು ಮತ್ತೂ ಜೋರಾಗಿ ತುಳಿಯುತ್ತಿತ್ತು, ಬಸ್ಸಿನ ಕುಲುಕಾಟ ಸೇರಿ.

"ಅಜ್ಜೀ, ಅದು ಕಾಯಿಲೆಯಲ್ಲ, ಮಗ್ಗ" ಎಂದೆ ನಾನು. "ಮಗ್ಗ ಇಲ್ದೆ ಮಗ್ಗ ತುಳಿಯಾದುಂಟಾ?" ಎಂದು ಅಜ್ಜಿ ನನ್ನನ್ನೇ ಗದರಿದರು.

ಒಂದು ಮಧ್ಯಾಹ್ನ ಅಜ್ಜಿ ನೆಲ ಉಜ್ಜುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ಚಾರ್ಟ್‌ಗೆ ಬಣ್ಣ ಹಚ್ಚುತ್ತಿದ್ದೆ. ಒಂದು ಹನಿ ನೆಲದ ಮೇಲೆ ಬಿತ್ತು. ಅಜ್ಜಿ ಬೈಯುತ್ತಾರೆಂದುಕೊಂಡರೆ, ಅದನ್ನು ಒರೆಸಿ ಹಾಗೇ ಕೂತರು. "ಈ ನೆಲ ನಮ್ ಯಜಮಾನ್ರು ನಿಂತು ಆಕ್ಸಿದ್ದು ಕಣವ್ವ. ಗಾರೆಯವ್ರು ಓದ ಮ್ಯಾಲೂ ತಾವೇ ಕುಂತು ನಯ ಕಲ್ಲಲ್ಲಿ ಉಜ್ಜವ್ರೆ. ಆ ಕಿಟಕಿ ತಾವ ಕುಂತು ಕಾಫಿ ಕುಡಿಯೋರು. ಒಂದು ವರ್ಸನಾರ ಕುಡುದ್ರಾ? ಇಲ್ಲ" ಎಂದರು. "ಅದ್ನ ಅಗೀರಿ ಅಂತ ನನ್ನ ಬಾಯಲ್ಲಿ ಎಂಗ್ ಬತ್ತದೆ?"

ಅಪಶಕುನವೂ ಅಲ್ಲ, ಕಪಿಲಮ್ಮನೂ ಅಲ್ಲ. ನಾನು ಆ ಮಾತನ್ನು ಜಯತ್ತೆಗೆ ಹೇಳಿದೆ. ಅವಳು ಆ ಸಂಜೆ ಪೊರಕೆ ಹಿಡಿದು ಕಿಟಕಿಯ ಬಳಿ ಬಂದವಳು ಅಲ್ಲೇ ನಿಂತಳು. ಅವತ್ತಿನಿಂದ ಗುಂಡಿಯ ಮಾತೇ ಎತ್ತಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು. ಕೇಳುತ್ತಿದ್ದಾಗಲಾದರೂ ಅವಳ ಮುಖದಲ್ಲಿ ಒಂದಿಷ್ಟು ಕಳೆ ಇತ್ತು.

ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ಜಯತ್ತೆ ನರಸೀಪುರಕ್ಕೆ ಹೋದಳು. ಮನೆಯಲ್ಲಿ ಉಳಿದವರು ಅಜ್ಜಿ, ನಾನು, ಪಾಳಿ ಮೇಲೆ ಪಾಳಿ ಹಾಕಿಸಿಕೊಂಡು ಫ್ಯಾಕ್ಟರಿಯಲ್ಲೇ ಇರತೊಡಗಿದ ಮಾವ. ಒಂದು ಭಾನುವಾರ ಅಜ್ಜಿ ಇದ್ದಕ್ಕಿದ್ದಂತೆ, "ತಲಕಾಡ್ಗೆ ಓಗಿ ಬರಣ ಬಾ" ಎಂದು ನನ್ನನ್ನು ಹೊರಡಿಸಿದರು. ಬಸ್ಸು ನರಸೀಪುರದಲ್ಲಿ ನಿಂತಿತು. ತಲಕಾಡಿನ ಬಸ್ಸು ಎದುರಿಗೇ ಹೊಗೆ ಬಿಡುತ್ತಾ ನಿಂತಿದೆ, ಅಜ್ಜಿ ಅದರ ಕಡೆ ತಿರುಗಿಯೂ ನೋಡದೆ ನಮ್ಮ ಬೀದಿಯ ದಾರಿ ಹಿಡಿದರು.

"ಅಜ್ಜೀ, ಆಷಾಢ!" ಎಂದೆ.

"ಗೊತ್ತು ಬುಡು. ನಾನೇನ್ ಒಳೀಕ್ ಬರಂಗಿಲ್ಲ."

"ಮುಖ ನೋಡಬಾರದಲ್ಲ?"

"ಮುಖ ನೋಡ್ಬಾರ್ದು ಅಂತ ತಾನೆ ಶಾಸ್ತ್ರ? ಬೆನ್ನು ನೋಡ್ಬಾರ್ದು ಅಂತ ಇಲ್ವಲ್ಲ."

ನಮ್ಮ ಮನೆಯ ಮಗ್ಗ ಬೀದಿ ಕಿಟಕಿಯ ಪಕ್ಕ, ನೇಯುವವರ ಬೆನ್ನು ಬೀದಿಗೆ. ಅಜ್ಜಿ ಜಗಲಿಯ ಮೇಲೆ ಸದ್ದಿಲ್ಲದೆ ಕೂತರು. ಒಳಗೆ ಟಕಟಕ. ಅದರ ನಡುವೆ ಜಯತ್ತೆಯ ಮಾತು ಮಳೆಯ ಹಾಗೆ ಸುರಿಯುತ್ತಿತ್ತು. ಕಡಿದ ಎಳೆಗೆ ಬೈಗುಳ, ಲಾಳಿಗೆ ಉಪದೇಶ, ನಡುವೆ ತಾನೇ ಏನೋ ಹೇಳಿಕೊಂಡು ತಾನೇ ನಕ್ಕದ್ದು. "ನಮ್ ಅತ್ತೆಮ್ಮ ನೋಡಿದ್ರೆ ನಿಂಗೂ ತಾಯ್ತ ಕಟ್ಟುಸ್ತಿದ್ರು, ನೆಟ್ಗ್ ಓಗು" ಎಂದು ಲಾಳಿಯನ್ನು ಹೆದರಿಸಿದಳು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನಮ್ಮಜ್ಜಿ ಗಾಬರಿಯಿಂದ ಹೊರಗೆ ಬಂದು ಕಾಫಿ ಕೊಟ್ಟಳು. ನಂಜಮ್ಮಜ್ಜಿ ಅದನ್ನು ಕುಡಿದು, ತಾವು ಬಂದದ್ದನ್ನು ಹೇಳಕೂಡದೆಂದು ಸನ್ನೆ ಮಾಡಿ ಎದ್ದರು.

ವಾಪಸು ಬಸ್ಸಿನಲ್ಲಿ ಅಜ್ಜಿ, "ಅವಳ್ಗೆ ಇಷ್ಟು ಮಾತು ಬತ್ತದಾ?" ಎಂದರು. ನಾನು ಹೂಂ ಎಂದೆ. "ನಮ್ಮನೇಲಿ ಒಂದಿನಾನೂ ನಕ್ಕಿದ್ ನಾನ್ ಕೇಳ್ಲಿಲ್ವಲ್ಲ ಮಗ. ಒಳ್ಳೆ ಹುಡ್ಗಿ, ಮೌನ ಅಂತ ಬೀದಿಗೆಲ್ಲ ಏಳ್ಕಂಡ್ ಬಂದೆ" ಎಂದು ಕಿಟಕಿಯ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು.

ಮರುದಿನ ಮಾವ ಕೆಲಸ ಮುಗಿಸಿ ಬರುವಾಗ ಅಜ್ಜಿ ಕಿಟಕಿಯ ಬಳಿ ರಂಗೋಲಿ ಪುಡಿಯಲ್ಲಿ ಒಂದು ಚೌಕ ಬರೆದುಕೊಂಡು ಕೂತಿದ್ದರು. "ಇಲ್ಲಿ ತೋಡ್ಸು. ಬೆಳಕು ಬೀಳ್ತದೆ. ಈ ಗೆರೆ ದಾಟಿ ಒಂದು ಬೆಳ್ಳು ಆಚೆ ಓಗಂಗಿಲ್ಲ" ಎಂದರು. ಮಾವ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತರು. ಜಯತ್ತೆಗೆ ಹೇಳಕೂಡದು, ಅವಳು ಶ್ರಾವಣದಲ್ಲಿ ಬಂದಾಗಲೇ ನೋಡಬೇಕು ಎಂದೂ ಆಯಿತು.

ಗುಂಡಿಗೆ ಅಳತೆ ಬೇಕಲ್ಲ. ಮಾವ ಫ್ಯಾಕ್ಟರಿಯ ಟೇಪು ಜೇಬಿಗಿಟ್ಟುಕೊಂಡು, ಜಯತ್ತೆ ನೇಕಾರರ ಸೊಸೈಟಿಗೆ ನೂಲು ತರಲು ಹೋದ ಹೊತ್ತು ನೋಡಿ ನರಸೀಪುರದ ಮನೆಗೆ ನುಗ್ಗಿದರು. ತಾತನಿಗೆ ವಿಷಯ ತಿಳಿದು ಸಂಭ್ರಮವೋ ಸಂಭ್ರಮ. "ಅದೇ ಅಳತೆ ಇರ್ಬೇಕು ಅಳಿಯಂದ್ರೆ. ನಮ್ಮಪ್ಪ ತೋಡಿದ್ದು. ಒಂದಿಂಚು ಕಮ್ಮಿ ಮಾಡ್ಬ್ಯಾಡಿ" ಎಂದು ತಾವೇ ಟೇಪಿನ ತುದಿ ಹಿಡಿದರಂತೆ. ಮಾವ ಗುಂಡಿಗೆ ಇಳಿದರು. ತಳದಲ್ಲಿ ಇಟ್ಟಿಗೆಗಳಿದ್ದವು. ಮನೆ ಕಟ್ಟಿದಾಗ ಯಾರೋ ಬಿಟ್ಟ ಕಸ ಎಂದುಕೊಂಡು ಅವನ್ನೆಲ್ಲ ಪಕ್ಕಕ್ಕೆ ಸರಿಸಿ, ತಳದ ಮಣ್ಣು ಸವರಿ, ಪೂರ್ತಿ ಆಳವನ್ನು ಅಳೆದುಕೊಂಡು, ಇಟ್ಟಿಗೆಗಳನ್ನು ಮತ್ತೆ ಹೇಗಿದ್ದವೋ ಹಾಗೆ ಇಟ್ಟು ಬಂದರು. ಮಹಾ ಅಚ್ಚುಕಟ್ಟಿನ ಮನುಷ್ಯ. ಇದನ್ನೆಲ್ಲ ಅವರು ವರ್ಣಿಸುವಾಗ ನಾನು ಎದುರಿಗೇ ಕೂತು ತಲೆಯಾಡಿಸಿದೆ. ಗುಂಡಿ ಎಂದರೆ ಮುತ್ತಜ್ಜನ ಅಳತೆ, ಅದರಲ್ಲಿ ಯೋಚಿಸುವುದೇನಿದೆ?

ನೆಲ ಒಡೆಯುವ ದಿನ ಅಜ್ಜಿ ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋದವರು ಉಳಿ ಸುತ್ತಿಗೆಯ ಸದ್ದು ನಿಂತ ಮೇಲೇ ಬಂದರು. ಒಡೆದ ಕೆಂಪು ಹಳಕುಗಳನ್ನು ಒಂದೊಂದಾಗಿ ಆರಿಸಿ ತುಳಸಿಗಿಡದ ಸುತ್ತ ಜೋಡಿಸಿದರು. ತಾತ ಅಟ್ಟದ ಮೇಲಿದ್ದ ಇನ್ನೊಂದು ಮಗ್ಗದ ಮರಮುಟ್ಟನ್ನು ಜಯತ್ತೆಯ ಕಣ್ಣು ತಪ್ಪಿಸಿ ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದು ನಿಲ್ಲಿಸಿದರು. ಹಳೆಯ ಗುಂಡಿಯ ಒಂದು ಹಿಡಿ ಮಣ್ಣನ್ನು ಹೊಸ ಗುಂಡಿಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಅದನ್ನು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದರು.

ಶ್ರಾವಣದ ಮೊದಲ ವಾರ ಜಯತ್ತೆ ತಾತನ ಜೊತೆ ಬಂದಳು. ಹೊಸ್ತಿಲಲ್ಲಿ ಆರತಿಯಾಯಿತು. ಒಳಗೆ ಕಾಲಿಟ್ಟವಳು ಮಗ್ಗ ನೋಡಿ ಅಲ್ಲೇ ನಿಂತುಬಿಟ್ಟಳು. ಕಿಟಕಿ ನೋಡಿದಳು, ಕಡಿದ ನೆಲ ನೋಡಿದಳು, ಕೊನೆಗೆ ಅತ್ತೆಯ ಮುಖ ನೋಡಿದಳು. "ಅತ್ತೆಮ್ಮ, ಮಾವನೋರು ಕೂರ್ತಿದ್ ಜಾಗ..." ಎಂದಳು. "ಈಗ ನೀ ಕುಂತ್ಕೋ" ಎಂದರು ಅಜ್ಜಿ.

ಜಯತ್ತೆ ಕಣ್ಣೊರೆಸಿಕೊಂಡು ಮಗ್ಗಕ್ಕೆ ಕೈ ಮುಗಿದು, ಗುಂಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟಳು. ಕಾಲು ಇಳಿಯಿತು, ಇಳಿಯಿತು, ಎಲ್ಲಿಗೂ ತಲುಪಲಿಲ್ಲ. ಎರಡು ಪಾದಗಳು ಗಾಳಿಯಲ್ಲಿ ಹಲಗೆಯನ್ನು ಹುಡುಕುತ್ತಿದ್ದವು.

ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಮಾವ ತಲೆಯ ಮೇಲೆ ಕೈ ಹೊತ್ತು, "ಆ ಇಟ್ಗೆ!" ಎಂದರು. ತಾತ ಮೀಸೆ ತಿರುವುತ್ತಾ, ಅಳತೆ ಮಾತ್ರ ಕರೆಕ್ಟಾಗಿದೆ ಎಂದು ಸಮರ್ಥಿಸಿಕೊಂಡರು. ಜಯತ್ತೆಗೆ ನಗು ಬಂತು. ಆ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. "ಇರ್ಲಿ ಬುಡಿ, ಇಟ್ಗೆ ಇಟ್ಕೊಂಡ್ರಾಯ್ತು, ನಂಗೇನ್ ಹೊಸ್ದಾ" ಎಂದಳು. ತಾತನೂ, "ಊಂ ಮತ್ತೆ, ನಾನು ಮರದ್ ತುಂಡಲ್ಲೇ ಜೀವ್ನ ಮಾಡ್ನಿಲ್ವಾ" ಎಂದರು. ಮಾವ ಇಟ್ಟಿಗೆ ತರಲು ಹೊರಟರು.

"ನಿಂತ್ಕಳ್ಲಾ" ಎಂದರು ನಂಜಮ್ಮಜ್ಜಿ.

ಅವರು ಮಗ್ಗದ ಪಕ್ಕ ಬಿದ್ದಿದ್ದ ನೂಲಿನ ಎಳೆಯೊಂದನ್ನು ಎತ್ತಿಕೊಂಡು, ಸೊಸೆಯ ಎದುರಿಗೆ ನೆಲದ ಮೇಲೆ ಕೂತರು. "ನಾನು ನೆಲ ಬುಟ್ಕೊಟ್ಟಿದ್ದು ಇಟ್ಗೆ ಇಟ್ಕೊಳಾಕಲ್ಲ. ಕಾಲು ನೀಡು" ಎಂದರು.

ಜಯತ್ತೆಗೆ ಅರ್ಥವಾಗಲಿಲ್ಲ. ಅಜ್ಜಿ ಬಗ್ಗಿ ಅವಳ ಪಾದವನ್ನು ಗುಂಡಿಯಿಂದ ಎತ್ತಿ ತಮ್ಮ ಮಡಿಲಿಗೆ ಇಟ್ಟುಕೊಂಡರು. ಜಯತ್ತೆ ಬೆಂಕಿ ಮುಟ್ಟಿದವಳಂತೆ ಕಾಲೆಳೆದುಕೊಂಡಳು. "ಅಯ್ಯೋ, ನೀವು ನನ್ ಕಾಲ್ ಮುಟ್ತೀರಾ ಅತ್ತೆಮ್ಮ! ಬ್ಯಾಡಿ, ಪಾಪ ಬತ್ತದೆ." ತಾತ ಕೂತಲ್ಲಿಂದ ಎದ್ದು, "ಬೀಗಿತ್ಯಮ್ಮ, ಹಿರಿಯರು ನೀವು, ಅವಳೇ ಅಳತೆ ತಕ್ಕೋತಾಳೆ" ಎಂದರು. ನಾನೂ ಏನೋ ಹೇಳಹೊರಟೆ. ಅಜ್ಜಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಾದವನ್ನು ಮತ್ತೆ ಎಳೆದು ಮಡಿಲಲ್ಲಿಟ್ಟುಕೊಂಡು, ಎಳೆಯ ಒಂದು ತುದಿಯನ್ನು ಮೊಣಕಾಲಿಗೆ ಹಿಡಿದು, ಇನ್ನೊಂದನ್ನು ಹಿಮ್ಮಡಿಯವರೆಗೆ ನಿಧಾನವಾಗಿ ಎಳೆದರು. ಪಾದದಲ್ಲಿ ಅವರೇ ಕಟ್ಟಿಸಿದ ತಾಯತದ ದಾರವಿತ್ತು. ಅದನ್ನು ಬಿಚ್ಚಿ ಪಕ್ಕಕ್ಕೆ ಹಾಕಿದರು. ನೂಲನ್ನು ಹಲ್ಲಿನಲ್ಲಿ ಕಡಿದು ಮಗನ ಕೈಗೆ ಕೊಟ್ಟರು.

"ಇಷ್ಟು. ಇಷ್ಟಕ್ಕೆ ಬರೋವಂಗೆ ಮಣ್ಣು ತುಂಬು."

ಮಾವ ನೂಲು ಹಿಡಿದುಕೊಂಡು ನಿಂತರು. ಅಜ್ಜಿ ಏಳಲಿಲ್ಲ. ಸೆರಗಿನಿಂದ ಆ ಪಾದಕ್ಕೆ ಹತ್ತಿದ್ದ ಗುಂಡಿಯ ಗೋಡೆಯ ಮಣ್ಣನ್ನು ಒರೆಸಿದರು.

"ಇನ್ನೊಂದ್ ಕಾಲೂ ನೀಡು" ಎಂದರು.

"ಎರಡೂ ಒಂದೇ ಅಲ್ವಾ ಅತ್ತೆಮ್ಮ?"

"ಇರ್ಲಿ ಕಣೆ, ನೀಡು."

ಜಯತ್ತೆ ಇನ್ನೊಂದು ಕಾಲನ್ನೂ ನೀಡಿದಳು.